ಅಜ್ಜಿಯ ಎಣ್ಣೆ ಬೇರೆ, ಈ ಬಾಟಲಿ ಬೇರೆ

‘ನೂರಕ್ಕೆ ನೂರು ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ, ನಮ್ಮ ಹಿರಿಯರು ಹಚ್ಚುತ್ತಿದ್ದದ್ದೇ ಇದು.’ ಬೆರಳುದ್ದದ ಬಾಟಲಿಯಲ್ಲಿ ಎಸೆನ್ಶಿಯಲ್ ಆಯಿಲ್ ಮಾರುವವರು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವ ಮಾತಿದು. ಮೊಡವೆ, ಬಂಗು, ತುರಿಕೆ, ತೊನ್ನು ಎಲ್ಲಕ್ಕೂ ಅದೇ ಬಾಟಲಿ. ನಾಗನೂರಿನ ಯಾವ ಅಜ್ಜಿ ಟೀ ಟ್ರೀ ಎಣ್ಣೆ ಹಚ್ಚಿದ್ದಳು ಹೇಳಿ? ಅದು ಆಸ್ಟ್ರೇಲಿಯಾದ ಗಿಡ. ನೀಲಗಿರಿಯೂ ಅಲ್ಲಿಂದಲೇ ಬಂದದ್ದು.

ನಮ್ಮ ಅಜ್ಜಿಯರು ಹಚ್ಚಿದ್ದು ಗಾಣದ ಕುಸಬಿ ಎಣ್ಣೆ, ಕೊಬ್ಬರಿ ಎಣ್ಣೆ, ಹರಳೆಣ್ಣೆ. ಕಾಳು, ಕೊಬ್ಬರಿ ಹಿಂಡಿ ತೆಗೆದ ಜಿಡ್ಡು ಅದು. ಬಾಟಲಿಯಲ್ಲಿರುವುದು ಜಿಡ್ಡೇ ಅಲ್ಲ. ಎಲೆ, ಹೂವು, ಕಟ್ಟಿಗೆಗೆ ಹಬೆ ಹಾಯಿಸಿ, ಆ ಹಬೆ ತಣಿಸಿ ತೆಗೆದ ಘಾಟು ಸತ್ವ. ಒಂದು ಕ್ವಿಂಟಲ್ ನೀಲಗಿರಿ ಎಲೆ ಬೇಯಿಸಿದರೆ ಒಂದೆರಡು ಕೆಜಿ ಸಿಕ್ಕೀತು. ಬೆಳೆಗೆ ಹೊಡೆಯುವ ಔಷಧವನ್ನು ನೀರು ಬೆರೆಸದೆ ಪಂಪಿಗೆ ಸುರಿಯುವ ರೈತ ನಮ್ಮಲ್ಲಿ ಯಾರೂ ಇಲ್ಲ. ಮಗಳ ಮುಖಕ್ಕೆ ಮಾತ್ರ ಈ ಸತ್ವವನ್ನು ಹಾಗೇ ತಿಕ್ಕಬಹುದೇ?

ಇದರಲ್ಲಿ ಗುಣವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. 1990ರಲ್ಲಿ ಆಸ್ಟ್ರೇಲಿಯಾದ ವೈದ್ಯರು 124 ಮಂದಿಯ ಮೇಲೆ ಪರೀಕ್ಷೆ ಮಾಡಿ, ಟೀ ಟ್ರೀಯಿಂದ ಮೊಡವೆ ಇಳಿಯುತ್ತದೆ, ಆದರೆ ಮಾಮೂಲಿ ಮೊಡವೆ ಔಷಧಕ್ಕಿಂತ ನಿಧಾನ ಎಂದು ಕಂಡರು. ಅವರು ಹಚ್ಚಿದ್ದು ನೂರಕ್ಕೆ ಐದು ಭಾಗ ಎಣ್ಣೆಯಿದ್ದ ಜೆಲ್. ಮಾರುವವರು ‘ಪರೀಕ್ಷೆಯಲ್ಲಿ ಸಾಬೀತು’ ಎನ್ನುತ್ತಾರೆ, ಐದು ಭಾಗದ ಮಾತು ನುಂಗುತ್ತಾರೆ. ಹಚ್ಚಲೇಬೇಕೆಂದರೆ ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದೇ ಹನಿ. ಅದನ್ನೂ ಮೊದಲು ಮೊಣಕೈ ಒಳಬದಿಗೆ ಹಚ್ಚಿ ಎರಡು ದಿನ ನೋಡಿ. ಬಾಟಲಿ ಹಳೆಯದಾದಷ್ಟೂ ಅಲರ್ಜಿ ಹೆಚ್ಚು.

ನಮ್ಮ ಕಡೆಗೆ ಎಲ್ಲಕ್ಕಿಂತ ಅಪಾಯ ನಿಂಬೆ ಸಿಪ್ಪೆಯ ಎಣ್ಣೆ. ಸಿಪ್ಪೆ ಹಿಂಡಿ ತೆಗೆದ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಎಸಿ ಕೋಣೆಯಲ್ಲಿ ಕೂತವರಿಗೆ ಇದು ಅಷ್ಟಾಗಿ ತಟ್ಟಲಿಕ್ಕಿಲ್ಲ. ಕಬ್ಬು ಕಡಿಯುವ, ಕಳೆ ಕೀಳುವ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆವರೆಗೆ ಬಿಸಿಲಲ್ಲೇ ಇರುತ್ತಾರೆ. ಬೆಳ್ಳಗಾಗಲು ಕೊಂಡ ಎಣ್ಣೆ ಕಪ್ಪು ಮಾಡುತ್ತದೆ. (ನಿಂಬೆಹಣ್ಣನ್ನೇ ಮುಖಕ್ಕೆ ಹಿಂಡಿಕೊಂಡು ಹೊಲಕ್ಕೆ ಹೋದರೂ ಇದೇ ಗತಿ. ಅಜ್ಜಿ ಹೇಳಿದ್ದೆಲ್ಲ ಸರಿ ಅಂತೇನಿಲ್ಲ.)

ಇನ್ನು ಐವತ್ತು ರೂಪಾಯಿಯ ‘ಶುದ್ಧ ಶ್ರೀಗಂಧದ ಎಣ್ಣೆ’. ಮೈಸೂರಿನಲ್ಲಿ 1916ರಲ್ಲಿ ಸರ್ಕಾರವೇ ಗಂಧದೆಣ್ಣೆ ಕಾರ್ಖಾನೆ ತೆರೆದ ನಾಡು ನಮ್ಮದು. ಆ ಎಣ್ಣೆ ಕೆಜಿಗೆ ಲಕ್ಷ ರೂಪಾಯಿ ದಾಟಿ ಎಷ್ಟೋ ವರ್ಷವಾಯಿತು. ಲಕ್ಷಕ್ಕೇ ಲೆಕ್ಕ ಹಾಕಿದರೂ ಹತ್ತು ಗ್ರಾಂಗೆ ಸಾವಿರ ರೂಪಾಯಿ. ಐವತ್ತಕ್ಕೆ ಕೊಡುವವನು ಧರ್ಮಕ್ಕೆ ಕೊಡುತ್ತಿದ್ದಾನೆಯೇ?

ಕೂಸುಗಳ ವಿಷಯದಲ್ಲಂತೂ ಆಟ ಬೇಡ. ನೆಗಡಿ ಅಂತ ನೀಲಗಿರಿ, ಪುದೀನಾ, ಕರ್ಪೂರದ ಎಣ್ಣೆಯನ್ನು ಕೂಸಿನ ಮೂಗಿನ ಹತ್ತಿರ ಹಚ್ಚಿದರೆ ಉಸಿರೇ ಕಟ್ಟಬಹುದು. ಅಂಬೆಗಾಲಿಡುವ ಮಗು ಒಂದು ಚಮಚ ಕುಡಿದರೆ ಫಿಟ್ಸ್ ಬರಬಹುದು. ವಾಂತಿ ಮಾಡಿಸಲು ಹೋಗದೆ ಕೂಡಲೇ ಆಸ್ಪತ್ರೆಗೆ ಓಡಿ.

ತೊನ್ನು ವಾಸಿ ಮಾಡುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ವಾಟ್ಸಾಪ್‌ನಲ್ಲಿ ಹಾಕಿದರೂ ಜಾಹೀರಾತು ಜಾಹೀರಾತೇ. ಇಲ್ಲೇ ತಯಾರಾಗಿ ಮುಖಕ್ಕೆ ಹಚ್ಚಲೆಂದು ಮಾರುವ ವಸ್ತುವಿನ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬಳಸುವ ಕೊನೆಯ ದಿನಾಂಕ ಇರಲೇಬೇಕು. ಮಾರುವವರು ನಮ್ಮ ಊರವರೇ, ಬೀಗರೇ ಆಗಿರಬಹುದು. ಆದರೂ ಸಂಕೋಚ ಬಿಟ್ಟು ಕೇಳಿ. ಇಲ್ಲದಿದ್ದರೆ ಕೊಳ್ಳಬೇಡಿ.

ಈಗಾಗಲೇ ಹಚ್ಚಿ ಉರಿ ಬಂದಿದ್ದರೆ ಸೋಪಿನಿಂದ ತೊಳೆದು, ಬಿಸಿಲಿಗೆ ಹೋಗದೆ, ಚರ್ಮದ ಡಾಕ್ಟರಿಗೆ ತೋರಿಸಿ. ಸಿಟ್ಟಿನಲ್ಲಿ ಬಾಟಲಿ ಎಸೆಯಬೇಡಿ, ಜೊತೆಗೇ ಒಯ್ಯಿರಿ. ಏನು ಹಚ್ಚಿದ್ದೀರಿ ಅಂತ ಅವರು ಮೊದಲು ಕೇಳುವುದೇ ಅದನ್ನು.