ಕಸಬುದಾರರಿಗೊಂದು ಸೈಕಲ್ ಪ್ರವಾಸ

ಬ್ಯಾಡಗಿಯ ಬಡಿಗೇರರೊಬ್ಬರು ನನ್ನ ಹಳೆಯ ರೋಗಿ. ವಯಸ್ಸು ನಲವತ್ತಾರು. ಬಾಗಿಲ ಚೌಕಟ್ಟು, ದೇವರ ಮಂಟಪಗಳಿಗೆ ಕೆತ್ತನೆ ಮಾಡುವುದು ಅವರ ಕಸಬು. ಬೆಳಿಗ್ಗೆ ಉಳಿ ಹಿಡಿದು ಕುಳಿತರೆ ಏಳುವುದು ದೀಪ ಹಚ್ಚುವ ಹೊತ್ತಿಗೆ. ಒಮ್ಮೆ ಬಂದವರು, "ಡಾಕ್ಟ್ರ, ರಾತ್ರಿ ಬಲಗೈ ಜೋಮು ಹಿಡೀತೈತ್ರಿ. ಎದ್ದು ಝಾಡಿಸಿದ್ರ ಹಗೂರ ಆಕ್ಕೈತಿ. ಕುತ್ತಿಗಿ ನೋವು ಬ್ಯಾರೆ" ಎಂದರು. ನಾನು ಕೈ ಪರೀಕ್ಷಿಸುತ್ತಿದ್ದಾಗ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು: "ಅದು ಹೋಗ್ಲಿ ಬಿಡ್ರಿ, ಹೊಸಾದು ಏನೂ ಹೊಳೀವಲ್ದು. ಮೂರು ವರ್ಷ ಆತು, ಅದ ನವಿಲು, ಅದ ಬಳ್ಳಿ."

ಮೊದಲನೆಯ ದೂರಿಗೆ ಕಾರಣ ಸ್ಪಷ್ಟವಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು, ಅದೂ ರಾತ್ರಿ ಹೆಚ್ಚು ಎಂದರೆ ಮಣಿಕಟ್ಟಿನ ಇಕ್ಕಟ್ಟಾದ ಹಾದಿಯಲ್ಲಿ ಮೀಡಿಯನ್ ಎಂಬ ನರ ಒತ್ತಿಗೆ ಸಿಕ್ಕಿದೆ ಎಂದು ಅರ್ಥ. ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ದೋಷದಿಂದಲೂ ಹೀಗಾಗುವುದುಂಟು. ಪರೀಕ್ಷೆ ಮಾಡಿಸಿದೆ, ಅವು ಸರಿಯಾಗಿದ್ದವು. ರಾತ್ರಿ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿ, ಕೆಲಸದ ನಡುವೆ ಬಿಡುವು ಎಂದು ಸೂಚಿಸಿದೆ. ಎರಡನೆಯ ದೂರಿಗೆ ಮಾತ್ರ ನನ್ನ ಕಪಾಟಿನಲ್ಲಿ ಮಾತ್ರೆ ಇರಲಿಲ್ಲ. "ಕೈ ಹಗುರಾದ ಮೇಲೆ ಮೂರು ದಿನ ಸೈಕಲ್ ಏರಿ ಊರು ಬಿಡ್ರಿ" ಎಂದೆ.

"ಮೂರು ದಿನದ ದುಡಿಮಿ ಯಾರು ಕೊಡ್ತಾರ್ರೀ?" ಎಂದು ಅವರು ನಕ್ಕರು. ನ್ಯಾಯವಾದ ಪ್ರಶ್ನೆ. ದಿನಗೂಲಿಯವನಿಗೆ ವಿಶ್ರಾಂತಿ ಬರೆದುಕೊಡುವ ವೈದ್ಯ ಈ ಪ್ರಶ್ನೆಗೆ ಉತ್ತರ ಹೇಳಲೇಬೇಕು. ನಾನು ಕೇಳಿದೆ, "ನೋವಿನಿಂದ ಹೋದ ವರ್ಷ ಎಷ್ಟು ದಿನ ಉಳಿ ಮುಟ್ಟಲಿಲ್ಲ?" ಬೆರಳೆಣಿಸಿ ಹೇಳಿದರು, ಹನ್ನೊಂದು. ಆ ಹನ್ನೊಂದು ದಿನಗಳ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ.

ಓದುಗರು ಇದನ್ನು ಪಟ್ಟಣದವರ ಶೋಕಿ ಎಂದು ತಿಳಿಯಬಾರದು. ನಮ್ಮ ಸೀಮೆಯಲ್ಲಿ ತಿರುಗಾಟ ಮತ್ತು ಕಸಬು ಬೇರೆಯಾಗಿರಲಿಲ್ಲ. ಸರ್ವಜ್ಞ ಊರೂರು ತಿರುಗಿದವನು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರು. ಮೋಟೆಬೆನ್ನೂರಿನ ಮೈಲಾರ ಮಹದೇವ 1930ರಲ್ಲಿ ಗಾಂಧೀಜಿಯವರೊಂದಿಗೆ ದಂಡಿಯವರೆಗೆ ನಡೆದರು. ಸೈಕಲ್ಲಿನ ಹಿಂದಿನ ಗಾಲಿಗೆ ಸಾಣೆಕಲ್ಲು ಜೋಡಿಸಿಕೊಂಡು ಕತ್ತರಿ, ಚಾಕು ಹರಿತ ಮಾಡುತ್ತ ಬರುವವರನ್ನು ನಾವೆಲ್ಲ ಕಂಡಿದ್ದೇವೆ. ಒಂದೇ ಕೋಣೆಯಲ್ಲಿ, ಒಂದೇ ಬಲ್ಬಿನ ಕೆಳಗೆ, ವರ್ಷವಿಡೀ ಒಂದೇ ಭಂಗಿಯಲ್ಲಿ ಕುಳಿತು ದುಡಿಯುವುದೇ ಹೊಸ ಪದ್ಧತಿ.

ಇದರಿಂದ ಶರೀರಕ್ಕೆ ಏನು ಲಾಭ? ಹತ್ತಿರದ ವಸ್ತುವನ್ನೇ ನೋಡುತ್ತಿದ್ದರೆ ಕಣ್ಣೊಳಗಿನ ಮಸೂರವನ್ನು ಹೊಂದಿಸುವ ಸ್ನಾಯು ಸದಾ ಬಿಗಿದಿರುತ್ತದೆ. ದೂರದ ಹೊಲ, ಗುಡ್ಡ ನೋಡಿದಾಗ ಅದು ಸಡಿಲಗೊಳ್ಳುತ್ತದೆ. ತುಳಿಯುವಾಗ ತೊಡೆಯ ದೊಡ್ಡ ಸ್ನಾಯುಗಳು ದುಡಿದು ರಕ್ತಸಂಚಾರ ಚುರುಕಾಗುತ್ತದೆ, ರಾತ್ರಿ ನಿದ್ರೆ ಗಾಢವಾಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮತ್ತೊಮ್ಮೆ ಹೇಳಿದೆ. ಮನಸ್ಸಿನ ಮಾತು ಬಂದರೆ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಳಿತಿರುವಾಗ ಹೊಳೆಯುವುದಕ್ಕಿಂತ ನಡೆಯುವಾಗ ಹೊಸ ವಿಚಾರಗಳು ಹೆಚ್ಚು ಹೊಳೆಯುತ್ತವೆ ಎಂದು ಕಂಡುಬಂದಿತು. ಅದು ನಡಿಗೆಯ ಅಧ್ಯಯನ, ಸೈಕಲ್ಲಿನದಲ್ಲ. ಆದರೂ ಕಾಲು ಆಡಿದರೆ ತಲೆ ಆಡುತ್ತದೆ ಎಂಬುದು ನನ್ನ ಅನುಭವಕ್ಕೂ ಬಂದಿದೆ.

ಕಾರ್ತಿಕ ಮಾಸದ ತಂಪಿನಲ್ಲಿ ಬಡಿಗೇರರು ಹೊರಟರು. ಹಿಂದೆ ಕ್ಯಾರಿಯರಿಗೆ ಕಂಬಳಿ, ರೊಟ್ಟಿ-ಶೇಂಗಾ ಚಟ್ನಿಯ ಬುತ್ತಿ, ಒಂದು ಸೊಳ್ಳೆಪರದೆ. ಮೊದಲ ದಿನ ಮೋಟೆಬೆನ್ನೂರಿನ ಮೇಲೆ ಹಾವೇರಿ. ಅಲ್ಲಿಯ ಸಿದ್ಧೇಶ್ವರ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಸಂಜೆಯ ಬಿಸಿಲಿನಲ್ಲಿ ಕಲ್ಲಿನ ಕೆತ್ತನೆಯ ನೆರಳು ಹೇಗೆ ಬೀಳುತ್ತದೆ ಎಂದು ನೋಡುತ್ತ ಕತ್ತಲಾಗುವವರೆಗೆ ಕುಳಿತರಂತೆ. ಮರುದಿನ ಗುತ್ತಲದ ದಾರಿ ಹಿಡಿದು ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರ. ಮುಕ್ತೇಶ್ವರ ಗುಡಿಯ ಬಾಗಿಲವಾಡ ನೋಡಿ, ಪರಿಚಯದವರ ಮನೆಯ ಅಂಗಳದಲ್ಲಿ ಹೊರಸಿನ ಮೇಲೆ ವಸ್ತಿ. ಮೂರನೆಯ ದಿನ ರಾಣೆಬೆನ್ನೂರಿನ ಮೇಲೆ ವಾಪಸು.

ಪ್ರವಾಸದಿಂದ ಎಲ್ಲವೂ ಗುಣವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ದಿನವೇ ಅವರ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದವು. ಇದು ಬೇರೆಯೇ ನರ. ಹ್ಯಾಂಡಲ್ಲಿನ ಮೇಲೆ ಅಂಗೈಯ ಹೊರ ಅಂಚು ಊರಿದಾಗ ಅಲ್ನಾರ್ ಎಂಬ ನರ ಒತ್ತಿಹೋಗುತ್ತದೆ. ಕೈಯನ್ನೇ ನಂಬಿದವರು ಇದನ್ನು ಅಲಕ್ಷಿಸಬಾರದು. ಈ ಎಚ್ಚರಿಕೆಯನ್ನು ಮೊದಲೇ ಹೇಳದಿದ್ದುದು ನನ್ನ ತಪ್ಪು. ಆದ್ದರಿಂದ ಇಲ್ಲಿ ಹೇಳುತ್ತೇನೆ.

ಹ್ಯಾಂಡಲ್ಲಿಗೆ ಮೆತ್ತನೆಯ ಬಟ್ಟೆ ಸುತ್ತಿರಿ. ಮಣಿಕಟ್ಟು ಬಾಗದಿರಲಿ, ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿರಿ. ಪೆಡಲು ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗುವಷ್ಟು ಸೀಟು ಎತ್ತರವಿರಲಿ. ಸೀಟು ತಗ್ಗಾದರೆ ಮೊಣಕಾಲಿಗೆ ಪೆಟ್ಟು. ಜೋಮು ಎರಡು-ಮೂರು ದಿನದಲ್ಲಿ ಹೋಗದಿದ್ದರೆ, ಹಿಡಿದ ವಸ್ತು ಜಾರತೊಡಗಿದರೆ ತಡಮಾಡದೆ ವೈದ್ಯರನ್ನು ಕಾಣಿರಿ.

ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯಿರಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ಸುತ್ತ ಲಾರಿಗಳ ದಟ್ಟಣೆಯೂ ಘಾಟೂ ಇರುತ್ತವೆ, ಉಬ್ಬಸದವರು ಆಗ ಹೊರಡುವುದು ಬೇಡ. ಬೇಸಿಗೆಯ ಬಿಸಿಲಂತೂ ಬೇಡವೇ ಬೇಡ. ಬಾಯಾರುವ ಮೊದಲೇ ನೀರು ಕುಡಿಯಿರಿ. ಬಹಳ ಬೆವರಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನಕ ಸಾಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಜೇಬಿನಲ್ಲಿ ಸಕ್ಕರೆ ಇರಲಿ. ಏರು ತುಳಿಯುವಾಗ ಎದೆ ಹಿಡಿದಂತಾದರೆ ಅಲ್ಲಿಯೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿರಿ.

ವಸ್ತಿಗೆ ನೆಲದ ಮೇಲೆ ಮಲಗಬೇಡಿ. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದಲ್ಲಿ ಮಲಗಿದವರನ್ನೇ. ಕಚ್ಚಿದ ನೋವೂ ಗೊತ್ತಾಗದೆ ಇರಬಹುದು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಅಂಗವನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ ನಡೆಯಿರಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದೊಳಗೆ ಬಿಡಾರ ಹೂಡುವ ಯೋಚನೆಯೂ ಬೇಡ, ಅದು ಮೃಗಗಳ ಮನೆ.

ಇನ್ನೊಂದು ಮಾತು. ಬಡಿಗೇರರ ಮನೆಯವರು ಕೌದಿ ಹೊಲಿಯುತ್ತಾರೆ. ಗಂಡ ಮರಳಿದ ದಿನ ಆಕೆ ಕೇಳಿದರಂತೆ, "ನನಗ ಯಾವ ಡಾಕ್ಟ್ರು ಬರದಕೊಡ್ತಾರ?" ನಾನು ತಲೆ ತಗ್ಗಿಸಿದೆ. ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ನಮ್ಮ ಹಳ್ಳಿಯ ಹುಡುಗಿಯರೂ ರಸ್ತೆಗಿಳಿದರು. ಮದುವೆಯಾದ ಮೇಲೆ ಅವರ ಸೈಕಲ್ ಮೂಲೆ ಸೇರುವುದೇ ಹೆಚ್ಚು. ಸೂಜಿ ಹಿಡಿದವರ ಕುತ್ತಿಗೆಯೂ ಉಳಿ ಹಿಡಿದವರ ಕುತ್ತಿಗೆಯಂತೆಯೇ ನೋಯುತ್ತದೆ.

ಕೆತ್ತನೆಯ ವಿಷಯ? ಬಡಿಗೇರರು ಗುಡಿಯ ಕೆತ್ತನೆಯನ್ನು ನಕಲು ಮಾಡಲಿಲ್ಲ. ಹೊಸ ಚೌಕಟ್ಟಿನ ಅಂಚಿಗೆ ದಾರಿಯುದ್ದಕ್ಕೂ ಕಂಡ ಜೋಳದ ತೆನೆಗಳನ್ನು ಕೂಡಿಸಿದರು. ಸಂಜೆ ಬೆಳಕು ಬೀಳುವ ಕಡೆ ಆಳವಾಗಿ, ಉಳಿದ ಕಡೆ ತೆಳುವಾಗಿ ಕೆತ್ತಿದರು. ರಾತ್ರಿಯ ಜೋಮು ಕಡಿಮೆಯಾದದ್ದು ಪಟ್ಟಿಯಿಂದ. ಆ ತೆನೆ ಬಂದದ್ದು ದಾರಿಯಿಂದ. ವರ್ಷಕ್ಕೊಮ್ಮೆ ಮೂರು ದಿನದ ಈ ಬಿಡುವನ್ನು ಉಳಿಗೆ ಸಾಣೆ ಹಿಡಿಯುವ ಖರ್ಚಿನಂತೆ ಕಸಬಿನ ಖರ್ಚೆಂದೇ ಬರೆದುಕೊಳ್ಳಬೇಕು. ಕೆಲಸ ಕೊಡುವವರೂ ಹಾಗೆಯೇ ತಿಳಿದು ಆ ದಿನಗಳ ಪಗಾರ ಹಿಡಿಯದಿರಲಿ.