ಮರದ ಡಬ್ಬಿಯ ಆವಿ

ಆವಿ ಎಂದೊಡನೆ ನಮಗೆ ನೆನಪಾಗುವುದು ಮಳೆಗಾಲದ ಶೀತ. ಕುದಿಯುವ ನೀರಿಗೆ ನೆಕ್ಕಿಸೊಪ್ಪೋ, ತುಳಸಿಯೋ, ಮಲಯಾಳಿ ನೆರೆಯವರು ಪನಿಕೂರ್ಕ ಎನ್ನುವ ದೊಡ್ಡಪತ್ರೆಯೋ ಹಾಕಿ ಕಂಬಳಿ ಹೊದೆಸಿ ಕೂರಿಸುವ ಅಜ್ಜಿಯ ಮದ್ದು ಕಾಸರಗೋಡಿನ ಯಾವ ಮನೆಗೆ ಹೊಸತು? ಔಷಧದ ಅಂಗಡಿಯಲ್ಲಿ ಸಿಗುವ ವಿದ್ಯುತ್ತಿನ ಆವಿಯಂತ್ರಕ್ಕೂ ವೇಪರೈಸರ್ ಎಂದೇ ಹೆಸರು. ಆ ಹೆಸರಿನ ಮರೆಯಲ್ಲಿ ಈಗ ಇನ್ನೊಂದು ವಸ್ತು ಮನೆ ಹೊಗುತ್ತಿದೆ.

ನಮ್ಮ ಪರಿಚಯದ ಮನೆಯೊಂದರ ಮಾತು. ಪರವೂರಿನಲ್ಲಿ ಕಲಿಯುವ ಹುಡುಗ ರಜೆಗೆ ಬಂದಾಗ ಅವನ ಚೀಲದಲ್ಲಿ ಅಂಗೈಯೊಳಗೆ ಅಡಗುವಷ್ಟು ಚಿಕ್ಕ, ನುಣುಪಾದ ಮರದ ಡಬ್ಬಿಯೊಂದಿತ್ತು. ಅಜ್ಜ ಅದನ್ನು ನಶ್ಯದ ಡಬ್ಬಿಯೆಂದೇ ಎಣಿಸಿ ಮೂಸಿ ನೋಡಿದರು. "ಒಣ ಮೂಲಿಕೆಯ ವೇಪರೈಸರ್ ಅಜ್ಜಾ, ಕೈಕೆಲಸದ್ದು, ಹೊಗೆಯೇ ಇಲ್ಲ" ಎಂದನಂತೆ ಮೊಮ್ಮಗ. ಆಯುರ್ವೇದದ್ದಿರಬೇಕೆಂದು ಮನೆಯವರು ಸುಮ್ಮನಾದರು.

ಹುಡುಗ ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೇಪಲ್ ಮರವನ್ನು ಕೊರೆದು ಇಂತಹ ಡಬ್ಬಿ ತಯಾರಿಸಿದ್ದುಂಟು. ಒಳಗೊಂದು ಸಣ್ಣ ಉಕ್ಕಿನ ಬಲೆ. ಬದಿಯ ತೂತಿನಲ್ಲಿ ಬ್ಯಾಟರಿ ಸೆಲ್ಲನ್ನು ಒತ್ತಿ ಹಿಡಿದರೆ ಬಲೆ ಕಾಯುತ್ತದೆ, ಮೇಲಿನ ಒಣಸೊಪ್ಪಿನ ಪುಡಿ ಉರಿಯದೆ ಸಾರ ಬಿಡುತ್ತದೆ. ಕೆಲಸಗಾರಿಕೆ ಮೆಚ್ಚತಕ್ಕದ್ದೇ. ಆದರೆ ಅಜ್ಜಿಯ ಪಾತ್ರೆಯ ನೀರು ಕುದಿಯುವುದು 100 ಡಿಗ್ರಿಯಲ್ಲಿ; ಒಣಸೊಪ್ಪಿನ ಯಂತ್ರಗಳ ಕಾವು ಸಾಮಾನ್ಯವಾಗಿ 160ರಿಂದ 220 ಡಿಗ್ರಿ. ಅಲ್ಲಿ ಏಳುವುದು ನೀರಿನ ಆವಿಯಲ್ಲ. ಆ ನಾಡಿನಲ್ಲಿ 'ಒಣ ಮೂಲಿಕೆ' ಎಂಬುದು ಹೆಚ್ಚಾಗಿ ಗಾಂಜಾಕ್ಕೆ ಇಟ್ಟ ಸಭ್ಯ ಹೆಸರು. 2016ರಲ್ಲಿ ಅಲ್ಲಿನ ಮತದಾರರು 21 ತುಂಬಿದವರಿಗೆ ಅದನ್ನು ಕಾನೂನುಬದ್ಧಗೊಳಿಸಿದ್ದಾರೆ.

ಸುಡದಿದ್ದರೆ ಟಾರು, ಇಂಗಾಲದ ಮೊನಾಕ್ಸೈಡು ಕಡಿಮೆ ಎಂಬುದು ನಿಜ. ಅಮಲು ಕಡಿಮೆಯೆಂದು ಮಾತ್ರ ತಿಳಿಯಬಾರದು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು ಗಾಂಜಾ ಸೇವನೆ ಅಪರೂಪವಾಗಿದ್ದ 17 ಮಂದಿಯನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಪ್ರಮಾಣದ ಗಾಂಜಾ ಹೊಗೆಗಿಂತ ಆವಿಯ ರೂಪದಲ್ಲಿ ಹೆಚ್ಚು ಮಂಕು ಕವಿಸಿತು.

ನಮ್ಮಲ್ಲಿ ಕಾನೂನು ಬೇರೆ. ಅದರ ವಿವರ ಕನ್ನಡದಲ್ಲಿ ಮನೆಗೆ ಮುಟ್ಟುವುದು ಅಪರೂಪವಾದ್ದರಿಂದ ಇಲ್ಲಿಯೇ ಹೇಳುತ್ತೇವೆ. 2019ರ ಇ-ಸಿಗರೇಟ್ ನಿಷೇಧ ಕಾಯಿದೆಯ ವ್ಯಾಖ್ಯೆ ಬಹಳ ವಿಶಾಲ: ನಿಕೋಟಿನ್ ಇರಲಿ ಬಿಡಲಿ, ವಸ್ತುವೊಂದನ್ನು ಕಾಯಿಸಿ ಎಳೆದುಕೊಳ್ಳುವಂತೆ ಮಾಡುವ ವಿದ್ಯುನ್ಮಾನ ಸಾಧನ. ಬ್ಯಾಟರಿಯ ಮರದ ಡಬ್ಬಿಯೂ, ತುಳಸಿಯನ್ನೇ ತುಂಬಿದರೂ, ಇದರೊಳಗೆ ಬರುತ್ತದೆಂದೇ ನಾವು ಓದಿಕೊಳ್ಳುತ್ತೇವೆ. ಸೇದಿದವನಿಗೆ ಆ ಕಾಯಿದೆಯಲ್ಲಿ ಶಿಕ್ಷೆಯಿಲ್ಲ. ಆದರೆ ಆಮದಿಗೆ, ಮಾರಾಟಕ್ಕೆ ಮೊದಲ ಸಲವೇ ಒಂದು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ವಿದೇಶದಿಂದ ತರಿಸುವವರು ಎರಡು ಸಲ ಯೋಚಿಸಲಿ.

ಗಾಂಜಾ ಸೇರಿದರೆ 1985ರ ಮಾದಕದ್ರವ್ಯ ಕಾಯಿದೆ ಬರುತ್ತದೆ. ಅದರ 25ನೆಯ ಕಲಮನ್ನು ಮನೆಯ ಹಿರಿಯರು ಗಮನಿಸಬೇಕು. ತನ್ನ ಮನೆಯಲ್ಲಿ ಇಂತಹ ಅಪರಾಧ ನಡೆಯಲು ತಿಳಿದೂ ಅವಕಾಶ ಕೊಟ್ಟವನಿಗೆ ಆ ಅಪರಾಧದ ಶಿಕ್ಷೆಯೇ ಉಂಟು. "ಹೊರಗೆಲ್ಲೋ ಕೆಡುವುದಕ್ಕಿಂತ ಮನೆಯಲ್ಲಿಯೇ ಇರಲಿ" ಎಂದು ಕಣ್ಣುಮುಚ್ಚುವ ತಾಯ್ತಂದೆಯರನ್ನು ನಾವು ಕಂಡಿದ್ದೇವೆ. ಅವರ ಸಂಕಟ ನಮಗೆ ಅರ್ಥವಾಗದ್ದಲ್ಲ.

ಮಕ್ಕಳ ಚೀಲ ಜಾಲಾಡಿರೆಂದು ನಾವು ಹೇಳುತ್ತಿಲ್ಲ. ಡಬ್ಬಿಯನ್ನು ಊಟದ ಮಣೆಯ ಬಳಿ ಇಟ್ಟು, ಒಳಗೆ ಹಾಕುವ ಸೊಪ್ಪು ಯಾವುದು ಮಗಾ ಎಂದು ಅಜ್ಜನೇ ಕೇಳಲಿ. ಉತ್ತರ ಕಹಿಯಾದರೆ ಅದೇ ಕಾಯಿದೆಯ 64-ಎ ಕಲಮು ನೆನಪಿರಲಿ: ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು, ಸರಕಾರದ ಅಥವಾ ಸರಕಾರ ಮನ್ನಿಸಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿಯುಂಟು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ವಿನಾಯಿತಿಯನ್ನು ಹಿಂದಕ್ಕೆ ಪಡೆಯಬಹುದು.