‘ಹೋಗ್ಲಿ ಬಿಡು’ ಅನಬ್ಯಾಡ್ರಿ

ಸಂತ್ಯಾಗ ಕೊತ್ತಂಬರಿ ಸೂಡಿಗೆ ಎರಡು ರೂಪಾಯಿ ಜಾಸ್ತಿ ಹೇಳಿದ್ರ ಜಗಳಾ ತಗೀತೀವಿ. ಮೊಬೈಲ್‌ದಾಗ 999 ಹೋದ್ರ ‘ಹೋಗ್ಲಿ ಬಿಡು’ ಅಂತೀವಿ. ಇದ್ಯಾವ ನ್ಯಾಯಾರೀ?

ಮೊಮ್ಮಗನ ಜವಳದ ಫೋಟೋ ಚಂದ ಮಾಡ್ಲಿಕ್ಕೆ ಒಂದು ಆ್ಯಪ್ ಹಾಕ್ಕೊಂಡಿದ್ದೆ. ‘ಏಳು ದಿನ ಪುಕ್ಕಟ’ ಅನ್ನೂದು ದೊಡ್ಡ ಅಕ್ಷರ, ‘ಆಮ್ಯಾಲೆ ವರ್ಷಕ್ಕ 999’ ಅನ್ನೂದು ಸಾಸಿವಿ ಕಾಳಿನಷ್ಟು. ಮೂರನೇ ದಿನಾನ ಆ್ಯಪ್ ಅಳಿಸಿ ನಿಶ್ಚಿಂತಿಂದ ಇದ್ದೆ. ಎಂಟನೇ ದಿನ ರೊಕ್ಕ ಕಟ್! ಆ್ಯಪ್ ಅಳಿಸಿದ್ರ ಚಂದಾ ರದ್ದಾಗೂದಿಲ್ಲಂತ. 24 ತಾಸು ಮೊದ್ಲ ಮೆಸೇಜ್ ಬಂದಿತ್ತು ಖರೆ, ಜಾಹೀರಾತಿನ ಗದ್ಲದಾಗ ನೋಡ್ಲಿಲ್ಲ.

‘ಓದಬೇಕಿತ್ತು, ನಿಂದ ತಪ್ಪು’ ಅಂದ್ರು ನಮ್ಮ ಮನಿಯವರು. ಒಪ್ಪತೀನಿ. ಆದ್ರ ಒಳಗ ಬರ್ಲಿಕ್ಕೆ ಒಂದು ಗುಂಡಿ, ಹೊರಗ ಹೋಗ್ಲಿಕ್ಕೆ ಹತ್ತು ಬಾಗಲಾ ಇಟ್ಟವ್ರದು ತಪ್ಪಲ್ಲೇನು? ಬಿಡಲಾರದಂಗ ಸಿಗಿಸಿ ಹಾಕೂ ಇಂಥಾ ಚಂದಾ ಬಲಿ ಹಾಕಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರನ 2023ರಾಗ ಹೇಳೇದ. ತಪ್ಪು ಬರೇ ನಮ್ಮದ ಆಗಿದ್ರ ಅವರ್ಯಾಕ ಹೇಳ್ತಿದ್ರು?

ಅದಕ್ಕ ಇವತ್ತ ಕೂತು ನೋಡ್ರಿ. ಪ್ಲೇ ಸ್ಟೋರ್‌ನಾಗ ಮ್ಯಾಲಿನ ನಿಮ್ಮ ಚಿತ್ರ ಒತ್ತಿ, ಪಾವತಿ ಮತ್ತು ಚಂದಾದಾಗ ಹೋಗಿ ಬ್ಯಾಡಾದ್ದು ರದ್ದು ಮಾಡ್ರಿ. ಯುಪಿಐದಾಗ ಆಟೋಪೇನೂ ತಗದು ನೋಡ್ರಿ. ರೊಕ್ಕ ಹೋಗಿದ್ರ ತಡಾ ಮಾಡದ ವಾಪಸ್ ಕೇಳ್ರಿ, ಕೇಳಿದ್ದರ ಫೋಟೋ ಇಟ್ಕೋರಿ. ಕೊಡ್ಲಿಲ್ಲಂದ್ರ ಗ್ರಾಹಕರ ಸಹಾಯವಾಣಿ 1915 ಅದ.

ನನಗ ಎರಡು ಸಲ ‘ಆಗೂದಿಲ್ಲ’ ಅಂದಾರ. 1915ಕ್ಕ ಫೋನ್ ಹಚ್ಚೇನಿ. ರೊಕ್ಕ ಬರ್ತದೋ ಇಲ್ಲೋ, ಕೇಳೂದಂತೂ ನಾ ಬಿಡೂದಿಲ್ಲ. ನೀವೂ ಬಿಡಬ್ಯಾಡ್ರಿ.